ಬೆಟ್ಟದಿಂದಿಳಿದು ಬರುವ ಉಗ್ರಾತಿಥಿಗಳು

ಜಪಾನಿನ ಪ್ರಧಾನ ದ್ವೀಪವಾದ ಹೊನ್‌ಶೂವಿನ ವಾಯವ್ಯ ತೀರದಲ್ಲಿ, ಅಕಿತಾ ಪ್ರಾಂತದಿಂದ ಸಮುದ್ರದೊಳಕ್ಕೆ ಚಾಚಿಕೊಂಡಿರುವ ಒಗಾ ಎಂಬ ಪರ್ಯಾಯದ್ವೀಪವೊಂದುಂಟು. ಪೂರ್ವದಲ್ಲಿ ಅದು ಪ್ರತ್ಯೇಕವಾದ ನಡುಗಡ್ಡೆಯಾಗಿದ್ದು, ನದಿಗಳೂ ಅಲೆಗಳೂ ಕೂಡಿ ತಂದು ಹಾಕಿದ ಮರಳಿನ ದಿಣ್ಣೆಗಳಿಂದ ಕಾಲಾಂತರದಲ್ಲಿ ನೆಲಕ್ಕೆ ಬೆಸೆದುಕೊಂಡಿತು. ಸೈಬೀರಿಯದ ಕಡೆಯಿಂದ ಬೀಸುವ ಶೀತಮಾರುತವು ಜಪಾನ್ ಸಮುದ್ರವನ್ನು ದಾಟಿಬರುವಾಗ ತೇವವನ್ನು ಹೀರಿಕೊಂಡು, ತೀರದ ಬೆಟ್ಟಗಳನ್ನು ತಾಕಿದೊಡನೆ ಅದನ್ನು ಹಿಮವಾಗಿ ಸುರಿಸುವುದರಿಂದ, ಡಿಸೆಂಬರು ಮುಗಿಯುವ ಹೊತ್ತಿಗೆ ಅಲ್ಲಿನ ಗದ್ದೆ, ದಾರಿ, ಮನೆಯ ಮಾಡು ಎಲ್ಲವೂ ಬೆಳ್ಳಗಾಗಿರುತ್ತವೆ. ಆ ತಿಂಗಳ 31ನೆಯ ರಾತ್ರಿ, ವರ್ಷವು ತೀರಲು ಇನ್ನು ಕೆಲವೇ ಗಳಿಗೆಗಳು ಉಳಿದಿರುವಾಗ, ಒಣಹುಲ್ಲಿನ ಮೇಲುಡುಪನ್ನು ತೊಟ್ಟು, ಕೋರೆಹಲ್ಲಿನ ಘೋರವಾದ ಮುಖವಾಡವನ್ನು ಧರಿಸಿ, ಒಂದು ಕೈಯಲ್ಲಿ ದೊಡ್ಡ ಕತ್ತಿಯನ್ನೂ ಇನ್ನೊಂದರಲ್ಲಿ ಮರದ ಕೊಳಗವನ್ನೂ ಹಿಡಿದ ಆಕೃತಿಗಳು ಕೇರಿಯ ಒಂದೊಂದು ಬಾಗಿಲಿಗೂ ಬಂದು, ಅಳುವ ಮಗುವಿದೆಯೇ, ಹೇಳಿದ ಮಾತು ಕೇಳದ ಮಗುವಿದೆಯೇ ಎಂದು ಗರ್ಜಿಸುವುವು. ಇವುಗಳ ಹೆಸರು ನಮಹಗೆ.

ಈ ಆಚರಣೆಯ ಚಿತ್ರಗಳನ್ನು ಮಾತ್ರ ನೋಡಿದವರು, ಚಾಪೆಯ ಮೇಲೆ ಬಿದ್ದು ಹೊರಳಿ ಅಳುವ ಕೂಸನ್ನೂ, ಅದರ ಮುಖಕ್ಕೆ ಮುಖವಿಟ್ಟು ಆರ್ಭಟಿಸುವ ಕೆಂಪು ದೈತ್ಯನನ್ನೂ ಕಂಡು, ಇದು ಮಕ್ಕಳನ್ನು ಹೆದರಿಸಿ ಅಂಕೆಯಲ್ಲಿಡುವ ಒಂದು ಹಳೆಯ ಉಪಾಯವೆಂದು ತೀರ್ಮಾನಿಸಿಬಿಡುವುದು ಸಹಜವೇ. ಆದರೆ ಆ ರಾತ್ರಿಯ ವಿಧಿಯನ್ನು ಮೊದಲಿನಿಂದ ಕೊನೆಯವರೆಗೆ ಕ್ರಮವಾಗಿ ಅವಲೋಕಿಸಿದರೆ, ಆರ್ಭಟವು ಅದರ ಪೂರ್ವಾರ್ಧ ಮಾತ್ರವೆಂದೂ, ಅದರ ಹೃದಯವಿರುವುದು ಆರ್ಭಟವಡಗಿದ ಮೇಲೆ ಊಟದ ಮಣೆಯ ಎರಡು ಕಡೆಗಳಲ್ಲಿ ಕುಳಿತು ನಡೆಸುವ ಸಂಭಾಷಣೆಯಲ್ಲೆಂದೂ ನನಗೆ ದೃಢವಾಗಿ ತೋರುತ್ತದೆ.

ನಮಹಗೆಯ ವೇಷವನ್ನು ಹಾಕುವವರು ಬೇರೆಲ್ಲಿಂದಲೋ ಬಂದ ನಟರಲ್ಲ, ಅದೇ ಕೇರಿಯ ಗಂಡಸರು. ಹಿಂದಿನ ಕಾಲದಲ್ಲಾದರೆ ಮದುವೆಯಾಗದ ತರುಣರಿಗೆ ಮಾತ್ರವೇ ಆ ಹಕ್ಕು ಇದ್ದಿತು. ಅವರು ಮೈಮೇಲೆ ಹೊದೆಯುವ ಹುಲ್ಲಿನ ಉಡುಪಿಗೆ ಕೆದೆಯೆಂದು ಹೆಸರು. ಕೊಯ್ಲಾದ ಮೇಲೆ ಉಳಿದ ಬತ್ತದ ಹುಲ್ಲನ್ನು ಹೆಣೆದು ಅದನ್ನು ಊರಿನವರೇ ಸಿದ್ಧಪಡಿಸುವರು. ಮುಖವಾಡಗಳು ಊರಿಂದೂರಿಗೆ ಭಿನ್ನ: ಕೆಲವು ಮರದಲ್ಲಿ ಕೆತ್ತಿದವು, ಕೆಲವು ಬಿದಿರಿನ ಜರಡಿಯ ಮೇಲೆ ಬಟ್ಟೆಯನ್ನೋ ಕಾಗದವನ್ನೋ ಅಂಟಿಸಿ ಬಣ್ಣ ಬಳಿದವು, ಮತ್ತೆ ಕೆಲವು ಮರದ ತೊಗಟೆಯಿಂದಲೂ ತಗಡಿನಿಂದಲೂ ಆದವು. ಹಲವು ಊರುಗಳಲ್ಲಿ ಕೆಂಪು ಮುಖದ್ದೊಂದು, ನೀಲಿ ಮುಖದ್ದೊಂದು ಜೊತೆಯಾಗಿ ಹೊರಡುವುವು. ಕೆಂಪಿನದನ್ನು ಮುದುಕನೆಂದೂ ನೀಲಿಯದನ್ನು ಮುದುಕಿಯೆಂದೂ ತಿಳಿಯುವುದು ವಾಡಿಕೆ. ಬಹುಪಾಲು ಮುಖವಾಡಗಳಿಗೆ ಕೊಂಬುಗಳಿರುತ್ತವೆ. ಆದರೆ ಶಿಂಜಾನ್ ಬೆಟ್ಟದ ಬುಡದಲ್ಲಿರುವ ಗ್ರಾಮದ ಮುಖವಾಡಗಳಿಗೆ ಕೊಂಬಿಲ್ಲ. ತಮ್ಮಲ್ಲಿಗೆ ಬರುವವರು ರಾಕ್ಷಸರಲ್ಲ, ದೇವರು, ಎಂಬುದು ಆ ಗ್ರಾಮದವರ ನಂಬಿಕೆ. ಆ ಗ್ರಾಮದಲ್ಲಿರುವ ನಮಹಗೆ ವಸ್ತುಸಂಗ್ರಹಾಲಯದಲ್ಲಿ ಪರ್ಯಾಯದ್ವೀಪದ ಬೇರೆಬೇರೆ ಊರುಗಳ ನೂರಕ್ಕೂ ಹೆಚ್ಚು ಮುಖವಾಡಗಳನ್ನು ಸಾಲಾಗಿ ಇರಿಸಿದ್ದಾರೆ. ಒಂದೇ ನಂಬಿಕೆಯನ್ನು ಇಷ್ಟು ಸಣ್ಣ ನೆಲದಲ್ಲಿ ಇಷ್ಟು ಬಗೆಯ ಮುಖಗಳಲ್ಲಿ ಕಂಡುಕೊಂಡ ಜನರ ಕಲ್ಪನಾಶಕ್ತಿಯನ್ನು ಮೆಚ್ಚದಿರುವುದು ಕಷ್ಟ.

ನಮಹಗೆಗಳು ಯಾವ ಮನೆಗೂ ಹೇಳದೆ ಕೇಳದೆ ನುಗ್ಗುವುದಿಲ್ಲ. ಸಕಿದಾಚಿ ಎಂದು ಕರೆಯಲ್ಪಡುವ ಮುಂದಾಳೊಬ್ಬನು, ವೇಷವಿಲ್ಲದೆ, ಮೊದಲು ಮನೆಯನ್ನು ಹೊಕ್ಕು ಯಜಮಾನನಿಗೆ ಹೊಸವರ್ಷದ ಶುಭವನ್ನು ಕೋರಿ, ನಮಹಗೆಗಳು ಬಂದಿದ್ದಾರೆ, ಒಳಗೆ ಬರಬಹುದೇ ಎಂದು ಅಪ್ಪಣೆ ಕೇಳುವನು. ಆ ವರ್ಷದಲ್ಲಿ ಸಾವು ಸಂಭವಿಸಿದ ಮನೆಯನ್ನೂ, ಹೆರಿಗೆಯಾದ ಮನೆಯನ್ನೂ, ರೋಗಿಗಳು ಮಲಗಿರುವ ಮನೆಯನ್ನೂ ಅವರು ಪ್ರವೇಶಿಸುವುದಿಲ್ಲ. ಅಪ್ಪಣೆ ದೊರೆತ ಮೇಲೆಯೇ ಬಾಗಿಲ ಬಳಿ ಆ ಭಯಂಕರವಾದ ಕೂಗೂ ಗೋಡೆಯನ್ನು ಬಡಿಯುವ ಸದ್ದೂ ಏಳುವುದು. ಒಳಗೆ ಕಾಲಿಟ್ಟೊಡನೆ ಏಳು ಬಾರಿ ನೆಲವನ್ನು ಮೆಟ್ಟಬೇಕು. ಊಟದ ಮಣೆಯೆದುರು ಕೂರುವ ಮುನ್ನ ಐದು ಬಾರಿ, ಎದ್ದ ಮೇಲೆ ಮೂರು ಬಾರಿ ಎಂದು ಶಿಂಜಾನಿನ ಸಂಪ್ರದಾಯವು ಗೊತ್ತುಮಾಡಿದೆ. ಹಾಗೆ ಮೆಟ್ಟುವುದರಿಂದ ಮನೆಯಲ್ಲಿ ಅವಿತಿರುವ ಅನಿಷ್ಟವು ತೊಲಗುವುದೆಂದು ಭಾವನೆ. ಹೊರನೋಟಕ್ಕೆ ಅಂಕೆಯಿಲ್ಲದ ದಾಂಧಲೆಯಂತೆ ಕಾಣುವ ಈ ಪ್ರವೇಶವು ಹೀಗೆ ಹೆಜ್ಜೆಹೆಜ್ಜೆಗೂ ಎಣಿಕೆಗೆ ಒಳಪಟ್ಟಿರುವುದನ್ನು ಗಮನಿಸಬೇಕು.

ಆಮೇಲೆ ಹುಡುಕಾಟ. ಕೋಣೆಯ ಜಾರುಬಾಗಿಲುಗಳನ್ನು ದಡದಡನೆ ಸರಿಸಿ, ಕಪಾಟುಗಳನ್ನು ತೆರೆದು, ಅಡಗಿದ ಮಕ್ಕಳನ್ನು ಹೊರಗೆಳೆದು, ಇವನು ಸೋಮಾರಿಯೋ, ಇವಳು ಅಳುಬುರುಕಿಯೋ, ಬೆಟ್ಟಕ್ಕೆ ಹೊತ್ತುಕೊಂಡು ಹೋಗೋಣವೇ ಎಂದು ಅಬ್ಬರಿಸುವರು. ಮನೆಗೆ ಹೊಸದಾಗಿ ಬಂದ ಸೊಸೆಯನ್ನೂ ಹಿಂದೆ ಬಿಡುತ್ತಿರಲಿಲ್ಲ. ಬೆಳಗ್ಗೆ ಬೇಗ ಏಳುವಳೇ, ಅತ್ತೆಮಾವಂದಿರನ್ನು ಚೆನ್ನಾಗಿ ನೋಡಿಕೊಳ್ಳುವಳೇ ಎಂದು ಅವಳ ವಿಚಾರಣೆಯೂ ಆಗುತ್ತಿದ್ದಿತು. ಮಕ್ಕಳು ತಾಯಿಯ ಬೆನ್ನಿಗೆ, ಅಜ್ಜಿಯ ಮಡಿಲಿಗೆ, ತಂದೆಯ ಕೊರಳಿಗೆ ಬಿಗಿಯಾಗಿ ಅಂಟಿಕೊಂಡುಬಿಡುವರು. ಆಗ ಯಜಮಾನನು ನಡುವೆ ಬಂದು, ದಯಮಾಡಿ ಸಮಾಧಾನ ಮಾಡಿಕೊಳ್ಳಬೇಕೆಂದು ಬಿನ್ನವಿಸಿ, ಅತಿಥಿಗಳನ್ನು ಊಟದ ಮಣೆಗೆ ಕರೆದೊಯ್ಯುವನು.

ಇಲ್ಲಿಂದ ಮುಂದೆ ಎಲ್ಲವೂ ಬೇರೆ ಸ್ವರದಲ್ಲಿ ನಡೆಯುವುದು. ಯಜಮಾನನು ಕೈಯಾರೆ ಅಕ್ಕಿಯ ಮದ್ಯವಾದ ಸಾಕೆಯನ್ನು ಬಟ್ಟಲಿಗೆ ಹೊಯ್ದು, ಮಣೆಯ ಮೇಲಿಟ್ಟ ಅಡುಗೆಯನ್ನು ತೋರಿಸಿ, ಇಷ್ಟು ದೂರ ಹಿಮವನ್ನು ತುಳಿದು ಬಂದುದಕ್ಕೆ ಉಪಚಾರದ ಮಾತನ್ನಾಡುವನು. ನಮಹಗೆಗಳು ಈ ವರ್ಷದ ಬೆಳೆ ಹೇಗಾಯಿತೆಂದು ಕೇಳುವರು. ತಮ್ಮ ಕೃಪೆಯಿಂದ ಚೆನ್ನಾಗಿಯೇ ಆಯಿತೆಂದು ಉತ್ತರ ಬರುವುದು. ಹಾಗಾದರೆ ಬರುವ ವರ್ಷವೂ ಒಳ್ಳೆಯ ಬೆಳೆಯಾಗುವಂತೆ ಹರಸಿ ಹೋಗುತ್ತೇವೆನ್ನುವರು. ಅನಂತರ ಮಕ್ಕಳ ಸಂಗತಿ. ನಮ್ಮ ಮಕ್ಕಳು ಒಳ್ಳೆಯವರು, ಹಿರಿಯರ ಮಾತನ್ನು ಕೇಳುವವರು, ಪಾಠವನ್ನು ಓದುವವರು ಎಂದು ತಂದೆ ಹೇಳುವನು. ನಿಜವೇ, ನೋಡೋಣ, ಎಂದು ನಮಹಗೆಯು ತನ್ನ ಲೆಕ್ಕದ ಪುಸ್ತಕವನ್ನು ಬಿಚ್ಚುವುದು. ಅದರಲ್ಲಿ ಹುಡುಗನು ಹೊತ್ತೆಲ್ಲ ಟಿವಿಯ ಮುಂದೆ ಕೂರುವುದೂ, ಮನೆಗೆಲಸಕ್ಕೆ ಕೈಹಾಕದಿರುವುದೂ, ತಂಗಿಯನ್ನು ಗೋಳುಹೊಯ್ದುಕೊಳ್ಳುವುದೂ ದಾಖಲಾಗಿರುತ್ತವೆ! ಬೆಟ್ಟದ ಮೇಲೆ ಕುಳಿತು ತಾವು ಎಲ್ಲವನ್ನೂ ಕಾಣುತ್ತಿದ್ದೇವೆಂದು ಅವರು ಹೇಳುವರು. ತಂದೆಯು ತಪ್ಪನ್ನೊಪ್ಪಿ, ಮುಂದೆ ಹಾಗಾಗದಂತೆ ತಾನು ನೋಡಿಕೊಳ್ಳುವೆನೆಂದು ಮಗುವಿನ ಪರವಾಗಿ ಮಾತು ಕೊಟ್ಟು, ಬೇಯಿಸಿದ ಅಂಟಕ್ಕಿಯನ್ನು ಕುಟ್ಟಿ ಮಾಡಿದ ಮೋಚಿಯನ್ನು ಕಾಣಿಕೆಯಾಗಿ ಒಪ್ಪಿಸುವನು. ಮಕ್ಕಳು ಮಾತು ಕೇಳದಿದ್ದಲ್ಲಿ ಮೂರು ಸಲ ಚಪ್ಪಾಳೆ ತಟ್ಟು, ಯಾವಾಗ ಬೇಕಾದರೂ ಬೆಟ್ಟದಿಂದಿಳಿದು ಬರುವೆವು, ಮನೆಯವರೆಲ್ಲ ಆರೋಗ್ಯವಾಗಿರಿ, ಎಂದು ಹರಸಿ ಅವರು ಮುಂದಿನ ಮನೆಗೆ ನಡೆಯುವರು.

ಈ ಸಂವಾದವನ್ನು ಓದುವಾಗಲೆಲ್ಲ ನನ್ನ ಮನಸ್ಸು ನಿಲ್ಲುವುದು ತಂದೆಯು ಮಗುವಿನ ಪರವಾಗಿ ನಿಂತು ವಾದಿಸುವ ಎಡೆಯಲ್ಲಿ. ವರ್ಷವೆಲ್ಲ ಯಾವ ತಂದೆಯು ಮಗನನ್ನು ಗದರಿಸುತ್ತಿದ್ದನೋ ಅವನೇ ಈ ರಾತ್ರಿ ಲೋಕಾತೀತವಾದ ಒಂದು ಶಕ್ತಿಯೆದುರು ಕುಳಿತು, ಇವನು ಒಳ್ಳೆಯವನು, ಇವನನ್ನು ಒಯ್ಯಬೇಡಿ ಎಂದು ಬೇಡಿಕೊಳ್ಳುತ್ತಾನೆ. ಯಾವ ತಾಯಿಯ ಬೈಗುಳಕ್ಕೆ ಮಗುವು ಕಿವಿಗೊಡುತ್ತಿರಲಿಲ್ಲವೋ ಅವಳ ಸೆರಗಿನ ಆಚೆಗೆ ಇಂದು ಅದಕ್ಕೆ ಜಗತ್ತಿನಲ್ಲಿ ಬೇರೆ ನೆಲೆಯೇ ಇಲ್ಲ. ತನ್ನ ಮನೆಯವರು ತನ್ನ ಕಡೆಯವರು ಎಂಬ ಅರಿವನ್ನು ಸಾವಿರ ಮುದ್ದಿನ ಮಾತುಗಳು ತರಲಾರದಷ್ಟು ಗಾಢವಾಗಿ ಆ ಕೆಲವು ನಿಮಿಷಗಳು ಮಗುವಿನ ಚಿತ್ತದಲ್ಲಿ ಅಚ್ಚೊತ್ತುತ್ತವೆ. ದೊಡ್ಡವರಿಗೂ ಅದು ಪರೀಕ್ಷೆಯೇ. ಕೇರಿಯೆಲ್ಲ ಕೇಳುವಂತೆ, ದೇವರ ಸಮಕ್ಷಮದಲ್ಲಿ, ಈ ಮಗುವಿನ ನಡತೆಗೆ ನಾನು ಹೊಣೆಯೆಂದು ಆಡಿದ ಮಾತನ್ನು ಮರುದಿನ ಮರೆಯುವುದು ಅಷ್ಟು ಸುಲಭವಲ್ಲ. ಭಯವನ್ನು ಮನೆಯ ಹೊರಗಿನಿಂದ ಬರಮಾಡಿಕೊಂಡು, ಅದರಿಂದ ಮನೆಯೊಳಗಿನ ಕಟ್ಟನ್ನು ಬಿಗಿಮಾಡಿಕೊಳ್ಳುವ ಈ ಕ್ರಮವನ್ನು ಕಂಡುಕೊಂಡವರು ಮನುಷ್ಯಸ್ವಭಾವವನ್ನು ಆಳವಾಗಿ ಬಲ್ಲವರಾಗಿದ್ದಿರಬೇಕು.

ಕೈಯಲ್ಲಿರುವ ಕತ್ತಿ ಮತ್ತು ಕೊಳಗಗಳ ಅರ್ಥವನ್ನು ತಿಳಿಯಬೇಕಾದರೆ ಉತ್ತರದೇಶದ ಚಳಿಗಾಲದ ಮನೆಯನ್ನು ನೆನೆಯಬೇಕು. ನಡುಮನೆಯಲ್ಲಿ ನೆಲವನ್ನು ಚೌಕವಾಗಿ ತೋಡಿ ಮಾಡಿದ ಇರೋರಿ ಎಂಬ ಅಗ್ಗಿಷ್ಟಿಕೆ. ಹೊರಗೆ ಮೊಣಕಾಲುದ್ದ ಹಿಮ. ಚಳಿಗೆ ಅಂಜಿ ದಿನವೆಲ್ಲ ಬೆಂಕಿಯ ಮುಂದೆ ಕಾಲು ಚಾಚಿ ಕುಳಿತವನ ಮೊಣಕಾಲಿನ ಕೆಳಗೆ ಬಿಸಿಯ ತಾಗಿಕೆಯಿಂದ ಕೆಂಪನೆಯ ಕಲೆಗಳು ಮೂಡುವುವು. ಒಗಾದ ಆಡುನುಡಿಯಲ್ಲಿ ಅದಕ್ಕೆ ನಮೋಮಿ ಎನ್ನುವರು. ಅದನ್ನು ಸುಲಿಯುವವನು ಎಂಬುದರಿಂದಲೇ ನಮಹಗೆಯ ಹೆಸರು ಹುಟ್ಟಿತೆಂಬುದು ಸಾಮಾನ್ಯವಾಗಿ ಅಂಗೀಕೃತವಾದ ವಿವರಣೆ. ಸೋಮಾರಿತನದ ಗುರುತನ್ನು ಕತ್ತಿಯಿಂದ ಕೆರೆದು ಕೊಳಗದಲ್ಲಿ ತುಂಬಿಕೊಂಡು ಹೋಗಲು ಬಂದವನು ಅವನು. ಕತ್ತಿಯು ಮರದ್ದು, ಕೆರೆತವು ಮಾತಿನದು. ಆದರೆ ಹಿಮ ಕರಗಿದೊಡನೆ ಗದ್ದೆಗಿಳಿಯಬೇಕಾದ ಜನಕ್ಕೆ ಆ ಎಚ್ಚರಿಕೆ ನಿಜವಾದದ್ದು. ಇದೇ ಕರಾವಳಿಯ ಗುಂಟ ದಕ್ಷಿಣಕ್ಕೆ ಹೋದರೆ ಯಮಗಾತಾ ಪ್ರಾಂತದ ಯುಜಾದಲ್ಲಿ ಅಮಹಗೆಯೆಂದೂ, ಇನ್ನೂ ಕೆಳಗೆ ನೋತೋದಲ್ಲಿ ಅಮಮೆಹಗಿಯೆಂದೂ, ಆಚೆಯ ಪೆಸಿಫಿಕ್ ತೀರದ ಯೋಶಿಹಾಮಾದಲ್ಲಿ ಸುನೆಕಾ ಎಂದೂ ಇವರ ಬಂಧುಗಳು ಸಿಕ್ಕುವರು. ಬೆಂಕಿಯ ಮುಂದೆ ಕೂತು ಕೆಡಿಸಿಕೊಂಡ ಚರ್ಮವನ್ನು ಸುಲಿಯುವುದೇ ಅವರೆಲ್ಲರ ಕಾಯಕ.

ಹುಡುಕಾಟದ ಗಡಿಬಿಡಿಯಲ್ಲಿ ಕೆದೆಯಿಂದ ಹುಲ್ಲೆಳೆಗಳು ಕಳಚಿ ನೆಲದ ಮೇಲೆ ಚೆಲ್ಲುವುವು. ಉದುರಿದುದನ್ನು ಆ ರಾತ್ರಿ ಗುಡಿಸಬಾರದು. ಅದನ್ನು ಮಗುವಿನ ತಲೆಗೆ ಸುತ್ತಿದರೆ ಆ ವರ್ಷ ರೋಗರುಜಿನಗಳು ಸುಳಿಯುವುದಿಲ್ಲವೆಂದು ನಂಬುಗೆ. ಮನೆಗಳನ್ನೆಲ್ಲ ಸುತ್ತಿದ ಬಳಿಕ ಉಳಿದ ಕೆದೆಯನ್ನು ದೇವಾಲಯದ ಕಂಬಗಳಿಗೆ ಸುತ್ತಿ ಕಟ್ಟುವ ರೂಢಿಯುಂಟು.

ಇವರು ಮೂಲದಲ್ಲಿ ಯಾರು? ಒಗಾದವರು ಹೇಳುವ ಕಥೆ ಹೀಗಿದೆ. ಚೀನಾದೇಶದ ಹಾನ್ ವಂಶದ ಚಕ್ರವರ್ತಿಯಾದ ವೂ, ಐವರು ರಾಕ್ಷಸರನ್ನು ಸಂಗಡ ಕರೆದುಕೊಂಡು ಸಮುದ್ರವನ್ನು ದಾಟಿ ಈ ಬೆಟ್ಟಗಳಿಗೆ ಬಂದು ನೆಲಸಿದನು. ವರ್ಷವೆಲ್ಲ ದುಡಿಸಿಕೊಂಡ ಆ ಐವರಿಗೆ ಮೊದಲ ತಿಂಗಳ ಹದಿನೈದನೆಯ ದಿನ ಮಾತ್ರ ಬಿಡುವು. ಬಿಡುವು ಸಿಕ್ಕಿದ್ದೇ ತಡ ಅವರು ಹಳ್ಳಿಗಳಿಗೆ ನುಗ್ಗಿ ಬೆಳೆಯನ್ನೂ ಹೆಣ್ಣುಮಕ್ಕಳನ್ನೂ ಹೊತ್ತೊಯ್ಯತೊಡಗಿದರು. ಕಂಗೆಟ್ಟ ಜನರು ಪಣವೊಂದನ್ನು ಒಡ್ಡಿದರು: ಒಂದೇ ರಾತ್ರಿಯಲ್ಲಿ, ಕೋಳಿ ಕೂಗುವುದರೊಳಗೆ, ಬೆಟ್ಟದ ಮೇಲಿನ ಗುಡಿಯವರೆಗೆ ಸಾವಿರ ಕಲ್ಲಿನ ಮೆಟ್ಟಲುಗಳನ್ನು ಕಟ್ಟಿದರೆ ವರ್ಷಕ್ಕೊಬ್ಬ ಕನ್ಯೆಯನ್ನು ಒಪ್ಪಿಸುವೆವು, ತಪ್ಪಿದರೆ ನೀವು ಮತ್ತೆ ಊರಿಗೆ ಕಾಲಿಡಬಾರದು. ರಾಕ್ಷಸರು ಕಲ್ಲುಬಂಡೆಗಳನ್ನು ಹೊತ್ತು ತಂದು ಒಂಬೈನೂರ ತೊಂಬತ್ತೊಂಬತ್ತನೆಯ ಮೆಟ್ಟಲನ್ನು ಮುಗಿಸಿದ ಕ್ಷಣದಲ್ಲಿ ಹಳ್ಳಿಯವನೊಬ್ಬನು ಕೋಳಿಯಂತೆ ಕೂಗಿಬಿಟ್ಟನು; ಬೆಳಗಾಯಿತೆಂದು ಬೆಚ್ಚಿ ಅವರು ಬೆಟ್ಟಕ್ಕೆ ಓಡಿಹೋದರು. ಮೊನ್‌ಜೆನ್ ಎಂಬ ಊರಿನ ಅಕಗಾಮಿ ದೇವಾಲಯದಲ್ಲಿ, ಸಾಲಾಗಿ ನಿಂತ ಐದು ಗುಡಿಗಳತ್ತ ಏರುವ ಒರಟುಗಲ್ಲಿನ ಮೆಟ್ಟಲುಗಳನ್ನು ಇಂದಿಗೂ 999 ಎಂದೇ ಎಣಿಸುವರು. ಹಿಮದಲ್ಲಿ ತಪಸ್ಸು ಮಾಡಿ ಜಡೆಗಡ್ಡಗಳನ್ನು ಬಿಟ್ಟು ಊರಿಗೆ ಭಿಕ್ಷೆಗಿಳಿಯುತ್ತಿದ್ದ ಯಮಬುಶಿಗಳೆಂಬ ಗಿರಿಸಾಧಕರೇ ಇದರ ಮೂಲವೆಂದು ಕೆಲವರೂ, ಒಡೆದ ಹಡಗಿನಿಂದ ತೀರಕ್ಕೆ ಬಂದು ಬಿದ್ದ ಪರದೇಶಿಗಳೆಂದು ಮತ್ತೆ ಕೆಲವರೂ ಹೇಳುವುದುಂಟು. ನನಗಾದರೋ, ಬೆಟ್ಟದ ದೇವರೇ ಈ ಮುಖವನ್ನು ಧರಿಸಿ ತನ್ನ ನೆಲದ ಜನರನ್ನು ವಿಚಾರಿಸಲು ಬರುವನೆಂಬ ಶಿಂಜಾನಿನವರ ವಿವರಣೆಯೇ ಹೆಚ್ಚು ಸಮಂಜಸವಾಗಿ ಕಾಣುತ್ತದೆ; ಬೆಳೆಯನ್ನು ಕೇಳಿ, ಹರಸಿ, ಕಾಣಿಕೆ ಪಡೆದು ಹೋಗುವುದು ಸುಲಿಗೆಗಾರರ ರೀತಿಯಲ್ಲ.

ಈ ಆಚರಣೆಯನ್ನು ಕುರಿತ ಹಳೆಯ ಲಿಖಿತ ಸಾಕ್ಷ್ಯವನ್ನು ನಮಗೆ ಉಳಿಸಿಕೊಟ್ಟವನು ಸುಗಯೇ ಮಸುಮಿ ಎಂಬ ಸಂಚಾರಿ. 1754ರಲ್ಲಿ ಹುಟ್ಟಿ, ಯೌವನದಲ್ಲಿಯೇ ಮನೆಯನ್ನು ಬಿಟ್ಟು, ಉತ್ತರ ಜಪಾನಿನ ಹಳ್ಳಿಗಳನ್ನು ಸುತ್ತುತ್ತ, ಕಂಡುದನ್ನೆಲ್ಲ ಬರೆದೂ ಚಿತ್ರಿಸಿಯೂ ಇಡುತ್ತ, 1829ರಲ್ಲಿ ಅಕಿತಾದಲ್ಲಿಯೇ ಕಣ್ಮುಚ್ಚಿದ ಆ ಮಹನೀಯನು 1811ರಲ್ಲಿ ಒಗಾದ ಒಂದು ಹಳ್ಳಿಯಲ್ಲಿ ನಮಹಗೆಗಳನ್ನು ನೋಡಿದನು. ಆಗ ಅದು ನಡೆಯುತ್ತಿದ್ದುದು ಚಾಂದ್ರಮಾನದ ಮೊದಲ ತಿಂಗಳ ಹದಿನೈದರಂದು, ಹುಣ್ಣಿಮೆಯ ಬೆಳಕಿನಲ್ಲಿ. ರೈತರು ಆ ದಿನವನ್ನು ಚಿಕ್ಕ ಹೊಸವರ್ಷವೆಂದು ಆಚರಿಸುತ್ತಿದ್ದರು. ಪಾಶ್ಚಾತ್ಯ ಪಂಚಾಂಗವನ್ನು ಜಪಾನು 1873ರಲ್ಲಿ ಅಂಗೀಕರಿಸಿದ ತರುವಾಯ ಕಾಲಕ್ರಮೇಣ ಹಬ್ಬವು ಡಿಸೆಂಬರ್ 31ಕ್ಕೆ ಸರಿಯಿತು. ರಾಜರ ಯುದ್ಧಗಳನ್ನು ಬರೆಯುವವರು ಎಷ್ಟೋ ಮಂದಿ. ಒಂದು ಬಡ ಹಳ್ಳಿಯ ಮಗು ಹೆದರಿ ಅತ್ತ ರಾತ್ರಿಯನ್ನು ಬರೆದಿಡುವುದು ಯೋಗ್ಯವಾದ ಕೆಲಸವೆಂದು ಆ ಕಾಲದಲ್ಲಿ ಬಗೆದವನಿಗೆ ನಾವು ಋಣಿಗಳು.

ಇಪ್ಪತ್ತನೆಯ ಶತಮಾನದಲ್ಲಿ ಜಪಾನಿನ ಜಾನಪದ ಶಾಸ್ತ್ರಕ್ಕೆ ತಳಹದಿಯನ್ನು ಹಾಕಿದ ಯಾನಗಿತಾ ಕುನಿಯೋ ಅವರೂ, ಅವರಿಗಿಂತ ಹನ್ನೆರಡು ವರ್ಷ ಕಿರಿಯರಾದ ಒರಿಕುಚಿ ಶಿನೊಬು ಅವರೂ ಇಂತಹ ಆಗಂತುಕ ದೇವತೆಗಳ ವಿಷಯವಾಗಿ ವಿಚಾರ ಮಾಡಿದ್ದಾರೆ. ದೇವರು ಊರಿನೊಳಗೆ ಸದಾ ನೆಲಸಿರುವವನಲ್ಲ, ಕಾಲದ ಸಂಧಿಯಲ್ಲಿ ಸಮುದ್ರದ ಆಚೆಯಿಂದಲೋ ಬೆಟ್ಟದ ಮೇಲಿನಿಂದಲೋ ಅಪರೂಪದ ಅತಿಥಿಯಾಗಿ ಬಂದು, ಹರಸಿ, ಹಿಂದಿರುಗುವವನು ಎಂಬುದು ಒರಿಕುಚಿಯವರ ಪ್ರಸಿದ್ಧವಾದ ಮತ. ಯುದ್ಧಾನಂತರದ ಹೆಸರಾಂತ ಕಲಾವಿದ ಒಕಮೊತೊ ತಾರೋ 1957ರಲ್ಲಿ ಒಗಾಕ್ಕೆ ಬಂದು ತೆಗೆದ ಛಾಯಾಚಿತ್ರಗಳು ನಗರವಾಸಿಗಳಾದ ಜಪಾನೀಯರಿಗೆ ತಮ್ಮ ನಾಡಿನ ಈ ಮುಖವನ್ನು ತೋರಿಸಿದುವು. ಸರ್ಕಾರವು 1978ರಲ್ಲಿ ಇದನ್ನು ರಾಷ್ಟ್ರದ ಮುಖ್ಯ ಜಾನಪದ ಸ್ವತ್ತುಗಳಲ್ಲಿ ಒಂದೆಂದು ಗುರುತಿಸಿತು. 2018ರಲ್ಲಿ ದೇಶದ ಬೇರೆಬೇರೆ ಮೂಲೆಗಳ ಇಂತಹ ಇನ್ನೂ ಒಂಬತ್ತು ಆಚರಣೆಗಳೊಡನೆ ನಮಹಗೆಯೂ ಯುನೆಸ್ಕೋ ಪಟ್ಟಿಯನ್ನು ಸೇರಿತು.

ದೂರದಿಂದ ಬರುವ ಪ್ರೇಕ್ಷಕರಿಗಾಗಿ ಫೆಬ್ರವರಿಯ ಎರಡನೆಯ ವಾರಾಂತ್ಯದಲ್ಲಿ ಶಿಂಜಾನ್ ದೇವಾಲಯದ ಅಂಗಳದಲ್ಲಿ ಸೆದೋ ಹಬ್ಬವೆಂಬ ಮತ್ತೊಂದು ಉತ್ಸವವು ಜರಗುತ್ತದೆ. ಜನವರಿ 3ರಂದು ನಡೆಯುವ ಬಹು ಪುರಾತನವಾದ ಅಗ್ನಿವಿಧಿಯೊಂದನ್ನೂ ನಮಹಗೆಯನ್ನೂ ಜೋಡಿಸಿ 1964ರಲ್ಲಿ ಆರಂಭಿಸಿದ್ದು ಅದು. ಹಿಮದ ನಡುವೆ ಸೌದೆಯ ರಾಶಿಗೆ ಬೆಂಕಿಯಿಟ್ಟಿರುವಲ್ಲಿಗೆ, ಕತ್ತಲ ಬೆಟ್ಟದಿಂದ ಪಂಜುಗಳನ್ನು ಹಿಡಿದ ನಮಹಗೆಗಳು ಸಾಲಾಗಿ ಇಳಿದು ಬರುವುವು. ಆ ಬೆಂಕಿಯಲ್ಲಿ ಸುಟ್ಟು ದೇವರಿಗೆ ಅರ್ಪಿಸುವ ಅಕ್ಕಿಯ ಕಡುಬಿಗೆ ಗೋಮಾ ಮೋಚಿಯೆಂದು ಹೆಸರು; ಬೌದ್ಧ ತಂತ್ರಮಾರ್ಗದ ಜೊತೆಯಲ್ಲಿ ಚೀನಾದ ಮೂಲಕ ಜಪಾನಿಗೆ ಹೋದ ನಮ್ಮ ಹೋಮವೇ ಅಲ್ಲಿ ಗೋಮಾ ಆಗಿದೆ. ಉತ್ಸವವು ಭವ್ಯವಾದದ್ದೆಂಬುದರಲ್ಲಿ ಸಂದೇಹವಿಲ್ಲ. ಆದರೂ ಸಾವಿರಾರು ಕಣ್ಣುಗಳ ಮುಂದೆ ನಡೆಯುವುದಕ್ಕೂ, ಒಂದು ಮನೆಯ ಹೊಸ್ತಿಲೊಳಗೆ ನಡೆಯುವುದಕ್ಕೂ ಇರುವ ಅಂತರವನ್ನು ಮರೆಯುವುದು ಸರಿಯಲ್ಲ; ಅಲ್ಲಿ ಮಗುವಿಗಾಗಿ ಮಾತು ಕೊಡುವ ತಂದೆಯಿಲ್ಲ.

ಈಗ ಕಷ್ಟವೆಲ್ಲ ಆ ಹೊಸ್ತಿಲಿನ ಬಳಿಯಲ್ಲಿಯೇ ಬಂದು ನಿಂತಿದೆ. ಜಪಾನಿನ ಪ್ರಾಂತಗಳಲ್ಲೆಲ್ಲ ಜನಸಂಖ್ಯೆಯು ಅತಿ ವೇಗವಾಗಿ ಇಳಿಯುತ್ತಿರುವುದೂ, ವೃದ್ಧರ ಪ್ರಮಾಣ ಅತಿ ಹೆಚ್ಚಾಗಿರುವುದೂ ಅಕಿತಾದಲ್ಲಿ. ತರುಣರು ಉದ್ಯೋಗವನ್ನರಸಿ ಸೆಂದಾಯಿಗೂ ತೋಕಿಯೋವಿಗೂ ಹೊರಟುಹೋಗಿದ್ದಾರೆ. ಉಳಿದವರಲ್ಲಿ ಅರವತ್ತು ದಾಟಿದವರೂ ಕೆದೆಯನ್ನು ಹೊತ್ತು ಹಿಮದಲ್ಲಿ ಮನೆಮನೆ ಸುತ್ತಬೇಕಾಗಿದೆ. ಹಲವು ಕೇರಿಗಳಲ್ಲಿ ಆಚರಣೆ ನಿಂತುಹೋಯಿತು. ಸಾಂಕ್ರಾಮಿಕದ ವರ್ಷಗಳು ಉಳಿದೆಡೆಯಲ್ಲಿಯೂ ಅದಕ್ಕೆ ತಡೆಯನ್ನೊಡ್ಡಿದುವು. ಮನೆಯೊಳಗೆ ಹುಲ್ಲು ಚೆಲ್ಲುವುದನ್ನೂ, ಬಂದವರಿಗೆ ಅಡುಗೆ ಮಾಡಿ ಬಡಿಸುವುದನ್ನೂ ಹೊರೆಯೆಂದು ಬಗೆದು ಬಾಗಿಲಿನಲ್ಲಿಯೇ ಕಾಣಿಕೆ ಕೊಟ್ಟು ಕಳುಹಿಸುವ ಮನೆಗಳುಂಟು. ಎಳೆಯ ಮಕ್ಕಳನ್ನು ಹೀಗೆ ಹೆದರಿಸುವುದು ತರವೇ ಎಂದು ಕೇಳುವ ತಾಯ್ತಂದೆಯರೂ ಉಂಟು. ಈ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹೆದರಿಸಿ ಹೊರಟುಹೋಗುವುದಷ್ಟೇ ಆದರೆ ಅದು ಕ್ರೌರ್ಯವೇ ಸರಿ. ಮಣೆಯ ಮುಂದಿನ ಮಾತುಕತೆಯನ್ನೂ ಹರಕೆಯನ್ನೂ ಕೈಬಿಟ್ಟು ಬಾಗಿಲಿನಿಂದಲೇ ಹಿಂದಿರುಗುವ ಮೊಟಕುಕ್ರಮದಲ್ಲಿ ಆ ಅಪಾಯವು ಖಂಡಿತವಾಗಿಯೂ ಇದೆ.

ಆದರೂ ಒಗಾದವರು ಕೈಚೆಲ್ಲಿ ಕುಳಿತಿಲ್ಲ. ಹೊಸವರ್ಷದ ರಜೆಗೆಂದು ಊರಿಗೆ ಬಂದ ಗಂಡುಮಕ್ಕಳು ಆ ಒಂದು ರಾತ್ರಿಗಾಗಿ ಮುಖವಾಡವನ್ನು ತೊಡುವರು. ಕೆಲವು ಕೇರಿಗಳು ಹೊರಗಿನ ವಿದ್ಯಾರ್ಥಿಗಳನ್ನೂ, ವಿದೇಶೀಯರನ್ನು ಕೂಡ, ಜೊತೆಗೆ ಸೇರಿಸಿಕೊಂಡಿವೆ. ಮಕ್ಕಳಿಲ್ಲದೆ ವೃದ್ಧ ದಂಪತಿಗಳು ಮಾತ್ರವೇ ಇರುವ ಮನೆಗಳಿಗೂ ನಮಹಗೆಗಳು ತಪ್ಪದೆ ಹೋಗಿ, ಅಲ್ಲಿ ಗರ್ಜನೆಯನ್ನು ತಗ್ಗಿಸಿ, ಆರೋಗ್ಯವನ್ನು ವಿಚಾರಿಸಿ, ಮುಂದಿನ ವರ್ಷವೂ ಬರುವೆವು, ಅಲ್ಲಿಯವರೆಗೆ ಗಟ್ಟಿಯಾಗಿರಬೇಕು ಎಂದು ಹೇಳಿ ಬರುವರು. ಹುಲ್ಲಿನ ಉಡುಪಿನೊಳಗೆ ಯಾರಿದ್ದರೂ ಆದೀತು. ಆದರೆ ಮುಂದಾಳಾಗಿ ನಡೆಯುವವನು, ಯಾವ ಮನೆಯಲ್ಲಿ ಸಾವಾಗಿದೆ, ಯಾವ ಮನೆಯಲ್ಲಿ ಕೂಸು ಹುಟ್ಟಿದೆ, ಯಾವ ಹುಡುಗ ಈ ವರ್ಷ ಪಾಠದಲ್ಲಿ ಹಿಂದುಳಿದ, ಯಾವ ಅಜ್ಜಿಯ ಮೊಣಕಾಲು ನೋಯುತ್ತಿದೆ ಎಂಬುದನ್ನೆಲ್ಲ ಬಲ್ಲ ಆ ಕೇರಿಯವನೇ ಆಗಿರಬೇಕು. ಲೆಕ್ಕದ ಪುಸ್ತಕವನ್ನು ಬರೆಯಬೇಕಾದವನು ಅವನು.